ಮೋನೆಯ ಅರ್ಜಾಂತೆ ಸೇತುವೆ: ಎಣ್ಣೆಬಣ್ಣದಲ್ಲಿ ನಕಲು ಮಾಡಿ ಕಲಿಯುವ ಕ್ರಮ

ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ವೇಷ ಬದಲಿಸಿಕೊಂಡು ಮತ್ತೆ ಮತ್ತೆ ಬರುತ್ತದೆ. ಇಂಪ್ರೆಷನಿಸ್ಟರ ಹಾಗೆ, ಅಂದರೆ ಕಣ್ಣಿಗೆ ಕಂಡ ಬೆಳಕನ್ನು ಸಡಿಲ ಕುಂಚದಲ್ಲಿ ಹಿಡಿದ ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ಚಿತ್ರಕಾರರ ಹಾಗೆ, ನದಿ, ಸೇತುವೆ, ದಡದ ಊರು ಬರೆಯಬೇಕು, ಎಲ್ಲಿಂದ ಶುರು ಮಾಡಲಿ? ಪ್ರಶ್ನೆಯ ಜೊತೆಗೆ ಕಳಿಸುವ ಚಿತ್ರಗಳಲ್ಲಿ ತಪ್ಪು ಕೂಡ ಒಂದೇ. ಆಕಾಶ, ಮರ, ಕಲ್ಲು, ನೀರು ಎಲ್ಲದರ ಮೇಲೂ ಒಂದೇ ಅಳತೆಯ ಚುಕ್ಕೆಗಳು, ಒಗ್ಗರಣೆಯ ಸಾಸಿವೆ ಸಿಡಿದ ಹಾಗೆ. ಇಂಪ್ರೆಷನಿಸಂ ಎಂದರೆ ಚುಕ್ಕೆ ಇಡುವುದು ಎಂದು ಯಾರೋ ಹಬ್ಬಿಸಿಬಿಟ್ಟಿದ್ದಾರೆ.

ಅದು ಚುಕ್ಕೆಯ ವಿದ್ಯೆಯಲ್ಲ. ಹತ್ತಿರದ ನೀರಿಗೆ ಒಂದು ಬಗೆಯ ಕುಂಚ, ದೂರದ ನೀರಿಗೆ ಇನ್ನೊಂದು, ಕಲ್ಲಿಗೆ ಮತ್ತೊಂದು. ಇದನ್ನು ಬಾಯಲ್ಲಿ ಹೇಳಿದರೆ ತಲೆಗೆ ಹೋಗುತ್ತದೆಯೇ ಹೊರತು ಕೈಗೆ ಹೋಗುವುದಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಸಲಹೆ ಕೊಡುತ್ತೇನೆ: ಒಂದು ಒಳ್ಳೆಯ ಚಿತ್ರವನ್ನು ಮೊದಲಿನಿಂದ ಕೊನೆಯವರೆಗೆ ನಕಲು ಮಾಡಿ. ಈ ಲೇಖನ ಆ ಒಂದು ನಕಲಿನ ಕ್ರಮ.

ಯಾವ ಚಿತ್ರ?

ಕ್ಲಾಡ್ ಮೋನೆ 1874ರಲ್ಲಿ ಬರೆದ ‘ಅರ್ಜಾಂತೆಯ ಸೇತುವೆ’. ಪ್ಯಾರಿಸ್ಸಿನ ಓರ್ಸೆ ಸಂಗ್ರಹಾಲಯದಲ್ಲಿದೆ. ಅಳತೆ 60.5 × 80 ಸೆಂಟಿಮೀಟರ್. ಅರ್ಜಾಂತೆ ಎಂಬುದು ಪ್ಯಾರಿಸ್ಸಿನ ಹೊರವಲಯದಲ್ಲಿ ಸೇನ್ ನದಿಯ ದಡದ ಊರು. ಅಲ್ಲಿ ನದಿ ಅಗಲವಾಗಿ ಹರಿಯುವುದರಿಂದ ಹಾಯಿದೋಣಿಯ ಪಂದ್ಯಗಳಿಗೆ ಹೆಸರಾಗಿತ್ತು. ಮೋನೆ 1871ರ ಕೊನೆಯಲ್ಲಿ ಅಲ್ಲಿಗೆ ಮನೆ ಬದಲಿಸಿ 1878ರವರೆಗೆ ಇದ್ದ. 1874ರ ಒಂದೇ ವರ್ಷದಲ್ಲಿ ಊರಿನ ರಸ್ತೆ ಸೇತುವೆಯನ್ನು ಏಳು ಸಲ, ರೈಲು ಸೇತುವೆಯನ್ನು ನಾಲ್ಕು ಸಲ ಬರೆದ. ಇದೇ ವರ್ಷದ ಏಪ್ರಿಲ್‌ನಲ್ಲಿ ಮೋನೆ ಮತ್ತು ಗೆಳೆಯರು ಪ್ಯಾರಿಸ್ಸಿನಲ್ಲಿ ತಮ್ಮದೇ ಪ್ರದರ್ಶನ ನಡೆಸಿದ್ದು, ‘ಇಂಪ್ರೆಷನಿಸ್ಟ್’ ಎಂಬ ಹೆಸರು ಮೊದಲು ಲೇವಡಿಯಾಗಿಯೇ ಅವರಿಗೆ ಅಂಟಿಕೊಂಡಿದ್ದು.

ಇಲ್ಲೇ ಮೊದಲ ಎಚ್ಚರಿಕೆ. ಏಳು ಸಲ ಬರೆದಿದ್ದಾನೆ ಎಂದೆನಲ್ಲ, ಅಂತರ್ಜಾಲದಲ್ಲಿ ಹುಡುಕಿದರೆ ಅವೆಲ್ಲವೂ ಒಟ್ಟಿಗೆ ಎದುರಾಗುತ್ತವೆ. ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇದೇ ಹೆಸರಿನ, ಇದೇ ವರ್ಷದ, ಹೆಚ್ಚುಕಡಿಮೆ ಇದೇ ಅಳತೆಯ ಇನ್ನೊಂದು ಚಿತ್ರವಿದೆ. ಅದರಲ್ಲೂ ದೋಣಿ, ಅದರಲ್ಲೂ ಸೇತುವೆ. ಒಂದರ ಆಕಾಶ, ಇನ್ನೊಂದರ ನೀರು ಎಂದು ಕಲಸಿದವರನ್ನು ನೋಡಿದ್ದೇನೆ. ಸಂಗ್ರಹಾಲಯದ ಜಾಲತಾಣದಿಂದಲೇ ಚಿತ್ರವನ್ನು ಇಳಿಸಿಕೊಂಡು, ಕೊನೆಯವರೆಗೆ ಅದೊಂದನ್ನೇ ಇಟ್ಟುಕೊಳ್ಳಿ. ಮೊಬೈಲಿನಲ್ಲಿ ನೋಡಿಕೊಂಡು ಬರೆಯುವವರು ರಾತ್ರಿಯ ಹೊತ್ತು ಪರದೆಯನ್ನು ಹಳದಿ ಮಾಡುವ ವ್ಯವಸ್ಥೆಯನ್ನು ನಿಲ್ಲಿಸಿಡಿ. ಅದು ತಾನಾಗಿ ಶುರುವಾಗಿ, ಸಂಜೆ ಆರರ ನಂತರ ಬರೆದ ನೀರೆಲ್ಲ ಹಸಿರಾಗಿಬಿಟ್ಟ ಉದಾಹರಣೆ ನನ್ನ ಮನೆಯಲ್ಲೇ ಇದೆ.

ಬೇಕಾದ ಸಾಮಾನು

ಕ್ಯಾನ್ವಾಸ್: 12 × 16 ಇಂಚಿನ ಬೋರ್ಡ್ ಸಾಕು. ಇದು ಸುಮಾರು 30 × 40 ಸೆಂಟಿಮೀಟರ್, ಅಂದರೆ ಮೂಲದ ಹೆಚ್ಚುಕಡಿಮೆ ಅರ್ಧ ಎತ್ತರ, ಅರ್ಧ ಅಗಲ. ಅಳತೆ ತೆಗೆಯುವಾಗ ಎರಡರಿಂದ ಭಾಗಿಸಿದರೆ ಮುಗಿಯಿತು. ಚೌಕಾಕಾರದ ಕ್ಯಾನ್ವಾಸ್ ಮನೆಯಲ್ಲಿದೆ ಎಂದು ಅದಕ್ಕೆ ಹೊಂದಿಸಲು ಹೋಗಬೇಡಿ, ಸೇತುವೆ ಗೂನು ಬೀಳುತ್ತದೆ.

ಬಣ್ಣ: ಟೈಟೇನಿಯಂ ವೈಟ್ ದೊಡ್ಡ ಟ್ಯೂಬು. ಕೋಬಾಲ್ಟ್ ಬ್ಲೂ, ಅಲ್ಟ್ರಾಮರೀನ್ ಬ್ಲೂ, ವಿರಿಡಿಯನ್ ಎಂಬ ತಂಪು ಹಸಿರು, ಕ್ಯಾಡ್ಮಿಯಂ ಹಳದಿ, ಕ್ಯಾಡ್ಮಿಯಂ ಕಿತ್ತಳೆ, ಅಲಿಝರಿನ್ ಕ್ರಿಮ್ಸನ್ ಎಂಬ ಕಡುಗೆಂಪು ಇವೆಲ್ಲ ಚಿಕ್ಕ ಟ್ಯೂಬು. ಕಪ್ಪು ಬೇಡ, ಕಂದು ಬೇಡ. ಕತ್ತಲೆ ಬೇಕಾದಾಗ ಅಲ್ಟ್ರಾಮರೀನ್, ಅಲಿಝರಿನ್, ಒಂದು ಚೂರು ವಿರಿಡಿಯನ್ ಬೆರೆಸಿದರೆ ಕಪ್ಪಿಗಿಂತ ಜೀವವಿರುವ ಕಪ್ಪು ಸಿಗುತ್ತದೆ. ಟ್ಯೂಬಿನ ಮೇಲೆ ‘ಹ್ಯೂ’ ಎಂದಿದ್ದರೆ ಅದು ಅಸಲಿ ವರ್ಣದ್ರವ್ಯದ ಬದಲಿಗೆ ಅಗ್ಗದ ದ್ರವ್ಯದಿಂದ ಮಾಡಿದ ಅದೇ ಛಾಯೆಯ ಬಣ್ಣ. ಕಲಿಯಲು ಅಡ್ಡಿಯಿಲ್ಲ, ಬೆರೆಸುವಾಗ ತುಸು ಮಂಕಾಗುತ್ತದೆ ಅಷ್ಟೆ.

ಕುಂಚ: ಗಡುಸು ಕೂದಲಿನ ಚಪ್ಪಟೆ ಕುಂಚಗಳು, ನಂಬರು 2, 4, 8. ಜೊತೆಗೆ ಒಂದು ರಿಗ್ಗರ್, ಅಂದರೆ ಉದ್ದ ಕೂದಲಿನ ತೀರಾ ಸಪೂರ ಕುಂಚ. ಹಡಗಿನ ಹಗ್ಗಗಳನ್ನು ಬರೆಯಲೆಂದೇ ಹುಟ್ಟಿದ್ದಕ್ಕೆ ಅದಕ್ಕೆ ಆ ಹೆಸರು. ನಮಗೂ ಅದೇ ಕೆಲಸಕ್ಕೆ ಬೇಕು.

ಎಣ್ಣೆ: ಕಲಾವಿದರಿಗಾಗಿ ಶುದ್ಧಗೊಳಿಸಿದ ಲಿನ್ಸೀಡ್ ಎಣ್ಣೆ. ಲಿನ್ಸೀಡ್ ಎಂದರೆ ನಮ್ಮ ಅಗಸೆಯೇ, ಹಾಗೆಂದು ಅಡುಗೆಮನೆಯ ಅಗಸೆ ಎಣ್ಣೆ ಸುರಿಯಬೇಡಿ. ಶುದ್ಧಗೊಳಿಸಿದ ರೀತಿಯೇ ಬೇರೆ. ಬಣ್ಣ ತೆಳುವಾಗಿಸಲು ಟರ್ಪಂಟೈನ್ ಅಥವಾ ವಾಸನೆ ಕಡಿಮೆಯಿರುವ ಥಿನ್ನರ್. ಕಿಟಕಿ ತೆರೆದಿರಲಿ.

ಅಪಾಯದ ಮಾತು ಒಂದನ್ನು ಇಲ್ಲೇ ಹೇಳಿಬಿಡುತ್ತೇನೆ. ಲಿನ್ಸೀಡ್ ಎಣ್ಣೆ ಹೀರಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಗಟ್ಟಿಯಾಗುತ್ತದೆ, ಆಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗಿನ ಬಿಸಿ ಹೊರಹೋಗಲಾಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ನೆನೆಸಿ, ಮುಚ್ಚಳದ ಡಬ್ಬಿಯಲ್ಲಿಟ್ಟು, ಆಮೇಲೆ ಕಸಕ್ಕೆ ಹಾಕಿ. ಕ್ಯಾಡ್ಮಿಯಂ, ಕೋಬಾಲ್ಟ್ ಎರಡೂ ಹೊಟ್ಟೆಗೆ ಹೋಗಬಾರದ ವಸ್ತುಗಳು. ಕುಂಚದ ತುದಿಯನ್ನು ಬಾಯಲ್ಲಿ ನೇರ ಮಾಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ.

ಹಂತ 1: ಕೈ ಕಟ್ಟಿ ನೋಡುವುದು

ಹದಿನೈದು ನಿಮಿಷ ಕುಂಚ ಮುಟ್ಟಬೇಡಿ. ಚಿತ್ರವನ್ನು ಕಣ್ಣು ಅರೆಮುಚ್ಚಿ ನೋಡಿ. ಅರೆಮುಚ್ಚಿದಾಗ ವಿವರ ಅಳಿಸಿ, ಬೆಳಕು ಕತ್ತಲೆಯ ದೊಡ್ಡ ತುಂಡುಗಳು ಮಾತ್ರ ಉಳಿಯುತ್ತವೆ. ಕೆಳಗಿನ ಅರ್ಧದಷ್ಟು ನೀರು. ಮುಂದೆ ನಿಂತ ದೋಣಿಗಳು, ಅವುಗಳ ನೆಟ್ಟಗಿನ ಕಂಬಗಳು. ಬಲಗಡೆಯಿಂದ ಆಚೆ ದಡಕ್ಕೆ ಸಾಗುವ ಸೇತುವೆ, ಅದರ ತುದಿಯಲ್ಲಿ ಸುಂಕದ ಮನೆ. ಹಿಂದೆ ಮರಗಳು, ಮೇಲೆ ಆಕಾಶ.

ಈಗ ಒಂದು ಲೆಕ್ಕ. ಈ ಚಿತ್ರದಲ್ಲಿ ಗಟ್ಟಿಯಾದ ಗೆರೆ ಬೇಡುವುದು ಎರಡೇ: ಸೇತುವೆ ಮತ್ತು ದೋಣಿಯ ಕಂಬಗಳು. ಅಡ್ಡಕ್ಕೆ ಒಂದು, ಉದ್ದಕ್ಕೆ ಇನ್ನೊಂದು. ಇವೆರಡೂ ನೇರ ನಿಂತರೆ ಉಳಿದದ್ದೆಲ್ಲ ಎಷ್ಟು ಸಡಿಲವಾದರೂ ಚಿತ್ರ ಕುಸಿಯುವುದಿಲ್ಲ.

ಹಂತ 2: ತಳಬಣ್ಣ

ಬೋರ್ಡಿನ ಬಿಳುಪು ಕಣ್ಣು ಕುಕ್ಕುತ್ತದೆ. ಅದರ ಮೇಲೆ ಯಾವ ಬಣ್ಣ ಇಟ್ಟರೂ ಕಪ್ಪಾಗಿ ಕಾಣುವುದರಿಂದ ಹೆದರಿ ಬಿಳಿ ಸುರಿಯುತ್ತೀರಿ. ಬಿಳಿ, ಚೂರು ಕಿತ್ತಳೆ, ಚೂರು ಅಲ್ಟ್ರಾಮರೀನ್ ಬೆರೆಸಿ, ಥಿನ್ನರ್‌ನಲ್ಲಿ ತೆಳುವಾಗಿಸಿ, ಬಟ್ಟೆಯಿಂದ ಒರೆಸಿದ ಹಾಗೆ ಹಚ್ಚಿ. ತಿಳಿಗಂಜಿಗೆ ಮಣ್ಣು ಬಿದ್ದಂಥ ಬಣ್ಣ ಬಂದರೆ ಸರಿ. ಎರಡು ಮೂರು ದಿನ ಒಣಗಲಿ.

ಹಂತ 3: ಗೆರೆ

ಪೆನ್ಸಿಲ್ ಬೇಡ. ಅದರ ಸೀಸ ಮೇಲಿನ ತೆಳು ಬಣ್ಣದಲ್ಲಿ ಕಲಸಿ ಕೊಳೆಯಾಗುತ್ತದೆ. ತೆಳುವಾಗಿಸಿದ ಕೋಬಾಲ್ಟ್ ಬ್ಲೂ, ನಂಬರ್ 2 ಕುಂಚ ಸಾಕು. ಮೊದಲು ಆಚೆ ದಡದ ಅಡ್ಡ ಗೆರೆ. ನಂತರ ಸೇತುವೆಯ ಮೇಲಂಚು. ಆಮೇಲೆ ದೋಣಿಯ ಕಂಬಗಳು.

ದೋಣಿಯ ಕಂಬಕ್ಕೆ ಗಾರೆಯವರ ಉಪಾಯ ಬಳಸಿ. ದಾರಕ್ಕೆ ಒಂದು ನಟ್ಟು ಕಟ್ಟಿ ತೂಗುಗುಂಡು ಮಾಡಿಕೊಂಡು ಕ್ಯಾನ್ವಾಸಿನ ಮುಂದೆ ಇಳಿಬಿಡಿ. ಬರೆಯುವವರ ಕೈಗೆ ಗೊತ್ತಿಲ್ಲದೆಯೇ ಗೆರೆ ಒಂದು ಕಡೆ ವಾಲುತ್ತದೆ, ಬಲಗೈಯವರಿಗೆ ಸಾಮಾನ್ಯವಾಗಿ ಬಲಕ್ಕೆ.

ಸೇತುವೆಯಲ್ಲಿ ಎಲ್ಲರೂ ಬೀಳುವ ಗುಂಡಿ ಎಂದರೆ ಕಂಬಗಳ ನಡುವಿನ ಅಂತರ. ತಲೆಗೆ ಗೊತ್ತು, ಸೇತುವೆಯ ಕಮಾನುಗಳು ಸಮನಾಗಿರುತ್ತವೆ. ಹಾಗಾಗಿ ಕೈ ಸಮನಾಗಿಯೇ ಇಡುತ್ತದೆ. ಕಣ್ಣು ಹೇಳುವುದು ಬೇರೆ: ಆಚೆ ದಡಕ್ಕೆ ಹೋದಂತೆ ಅಂತರ ಕಿರಿದಾಗುತ್ತ, ಕಂಬ ಗಿಡ್ಡವಾಗುತ್ತ ಹೋಗುತ್ತದೆ. ಒಂದು ಕಾಗದದ ಚೂರಿನ ಅಂಚಿನ ಮೇಲೆ ಮೂಲದ ಅಂತರಗಳನ್ನು ಗುರುತು ಮಾಡಿಕೊಂಡು ಅದೇ ಅನುಪಾತದಲ್ಲಿ ಇಳಿಸಿ. ಸೇತುವೆ ಓಡಬೇಕು. ನಿಂತರೆ ಅದು ಬೇಲಿ.

ಹಂತ 4: ಬಣ್ಣದ ಗುಡ್ಡೆಗಳು

ಬಣ್ಣ ಹಚ್ಚುತ್ತ ಹಚ್ಚುತ್ತ ಬೆರೆಸುವುದು ಹೊಸಬರ ಸಮಯವನ್ನೆಲ್ಲ ನುಂಗುತ್ತದೆ. ಮೊದಲೇ ಆರು ಗುಡ್ಡೆ ಮಾಡಿಡಿ. ಆಕಾಶಕ್ಕೆ ಬಿಳಿಯಲ್ಲಿ ಕೋಬಾಲ್ಟ್. ದೂರದ ನೀರಿಗೆ ಅದಕ್ಕಿಂತ ತುಸು ಗಾಢ. ಹತ್ತಿರದ ನೀರಿಗೆ ಕೋಬಾಲ್ಟ್, ಚೂರು ವಿರಿಡಿಯನ್, ಕಡಿಮೆ ಬಿಳಿ. ಮರಕ್ಕೆ ವಿರಿಡಿಯನ್, ಹಳದಿ, ಅದರ ಕಚ್ಚಾತನ ಕೊಲ್ಲಲು ಒಂದು ಹನಿ ಕಿತ್ತಳೆ. ಬಿಸಿಲು ಬಿದ್ದ ಕಲ್ಲಿಗೆ ಬಹಳ ಬಿಳಿ, ತುಸು ಹಳದಿ, ತುಸು ಕಿತ್ತಳೆ. ಕಲ್ಲಿನ ನೆರಳಿಗೆ ಕೋಬಾಲ್ಟ್, ಅಲಿಝರಿನ್, ಬಿಳಿ. ಈ ಕೊನೆಯದು ನೇರಳೆ ಬೂದಿಯಂತೆ ಕಂಡು, ‘ಕಲ್ಲು ನೇರಳೆಯೇ?’ ಎಂದು ಅನುಮಾನ ಬರುತ್ತದೆ. ಹಳದಿ ಬಿಸಿಲಿನ ಪಕ್ಕ ಇಟ್ಟಾಗ ಮಾತ್ರ ಅದು ನೆರಳಾಗುತ್ತದೆ. ಗುಡ್ಡೆಯಾಗಿ ಇರುವಾಗ ತೀರ್ಪು ಕೊಡಬೇಡಿ.

ಹಂತ 5: ಆಕಾಶ ಮತ್ತು ಆಚೆ ದಡ

ಆಕಾಶವನ್ನು ನಂಬರ್ 8 ಕುಂಚದಲ್ಲಿ ತೆಳುವಾಗಿ, ಬೇಗ ಮುಗಿಸಿ. ಮೋಡಗಳ ಮೇಲಂಚಿಗೆ ಬಿಳಿ, ಹೊಟ್ಟೆಗೆ ನೆರಳಿನ ಗುಡ್ಡೆಯಿಂದ ಒಂದಿಷ್ಟು. ಮರಗಳನ್ನು ಎಲೆ ಎಲೆಯಾಗಿ ಬರೆಯಲು ಹೋಗಬೇಡಿ. ಸುಂಕದ ಮನೆ ಎಂದರೆ ಒಂದು ಬಿಸಿಲಿನ ಗೋಡೆ, ಒಂದು ನೆರಳಿನ ಗೋಡೆ, ಒಂದು ಚಾವಣಿ. ಮೂರೇ ಕುಂಚದ ಏಟು. ಕಿಟಕಿ ಬರೆಯುವ ಆಸೆ ಬಂದರೆ ಎದ್ದು ಹೋಗಿ ಕಾಫಿ ಮಾಡಿಕೊಳ್ಳಿ.

ಹಂತ 6: ಸೇತುವೆ

ಈ ಸೇತುವೆ ಚಿತ್ರ ಬರೆಯುವ ಹೊತ್ತಿಗೆ ಹೊಸದು. 1870-71ರ ಫ್ರಾನ್ಸ್-ಪ್ರಶ್ಯ ಯುದ್ಧದಲ್ಲಿ ಅರ್ಜಾಂತೆಯ ಸೇತುವೆಗಳು ನಾಶವಾಗಿ, ಮತ್ತೆ ಕಟ್ಟಬೇಕಾಯಿತು. ದುರಸ್ತಿ ನಡೆಯುತ್ತಿರುವ ಸೇತುವೆಯನ್ನೂ ಮೋನೆ 1872ರಲ್ಲಿ ಬರೆದಿದ್ದಾನೆ. ಇದನ್ನು ಹೇಳಲು ಕಾರಣವಿದೆ. ಹಳೆಯ ಯೂರೋಪು ಎಂದೊಡನೆ ನಮ್ಮವರ ಕೈ ಕಂದು ಬಣ್ಣದ ಕಡೆಗೆ, ಪಾಚಿಯ ಕಡೆಗೆ ಹೋಗುತ್ತದೆ. ಇಲ್ಲಿ ಪಾಚಿಯಿಲ್ಲ. ಸುಣ್ಣ ಆರುವ ಮುಂಚಿನ ಮನೆಯಷ್ಟು ಹೊಸ ಕಲ್ಲು. ಬಿಸಿಲಿನ ಬದಿಗೆ ಕೆನೆಬಣ್ಣವನ್ನು ದಪ್ಪವಾಗಿ, ಮೇಲಿನಿಂದ ಕೆಳಗೆ ಒಂದೇ ಎಳೆತದಲ್ಲಿ ಇಡಿ. ಹೀಗೆ ಬಣ್ಣವನ್ನು ಉಬ್ಬುವಂತೆ ಇಡುವುದಕ್ಕೆ ಇಂಪ್ಯಾಸ್ಟೊ ಎನ್ನುತ್ತಾರೆ. ನೆರಳಿನ ಬದಿಯನ್ನು ತೆಳುವಾಗಿ ಬಿಡಿ.

ಕಮಾನಿನ ಕೆಳಭಾಗವನ್ನು ಕತ್ತಲೆ ಎಂದು ಮುಚ್ಚಿಬಿಡುವುದು ಇನ್ನೊಂದು ತಪ್ಪು. ಕೆಳಗೆ ನೀರಿದೆ, ನೀರಿಗೆ ಬಿಸಿಲು ಬಿದ್ದಿದೆ, ಆ ಬೆಳಕು ಪುಟಿದು ಕಮಾನಿನ ಒಳಮೈಗೆ ಹೊಡೆಯುತ್ತದೆ. ನೆರಳಿನ ಗುಡ್ಡೆಗೆ ಚೂರೇ ಚೂರು ಕಿತ್ತಳೆ ಸೇರಿಸಿ ಅಲ್ಲಿಡಿ.

ಹಂತ 7: ನೀರು

ಇಡೀ ಲೇಖನ ಬರೆದದ್ದು ಈ ಹಂತಕ್ಕಾಗಿ. ಮೂಲವನ್ನು ದೊಡ್ಡದು ಮಾಡಿ ನೋಡಿ. ಆಚೆ ದಡದ ಬುಡದಲ್ಲಿ ನೀರಿಗೆ ಕುಂಚದ ಗುರುತೇ ಇಲ್ಲದಂತೆ ಒಂದೇ ಹಾಸು. ಕೆಳಗೆ ಇಳಿದಂತೆ ಹಾಸು ಒಡೆಯುತ್ತದೆ. ಚೌಕಟ್ಟಿನ ಕೆಳಗಿನ ಅಂಚಿಗೆ ಬರುವಷ್ಟರಲ್ಲಿ ಪ್ರತಿ ಅಲೆಯೂ ಒಂದೊಂದು ಬಿಡಿ ಏಟು. ದೂರ ಎಂಬುದನ್ನು ಮೋನೆ ಇಲ್ಲಿ ಹೇಳುವುದು ಕುಂಚದ ಅಳತೆಯಿಂದ.

ಹಾಗಾಗಿ ನೀರನ್ನು ಮೂರು ಪಟ್ಟಿಯಾಗಿ ಬರೆಯಿರಿ. ಮೇಲಿನ ಪಟ್ಟಿಗೆ ನಂಬರ್ 8, ತೆಳು ಬಣ್ಣ, ಅಡ್ಡಕ್ಕೆ ನಯವಾಗಿ. ನಡುವಿನ ಪಟ್ಟಿಗೆ ನಂಬರ್ 2, ಅರ್ಧ ಇಂಚಿನ ಸಪೂರ ಅಡ್ಡ ಏಟುಗಳು, ಒಂದಕ್ಕೊಂದು ಒತ್ತಾಗಿ. ಕೆಳಗಿನ ಪಟ್ಟಿಗೆ ನಂಬರ್ 4, ಒಂದು ಇಂಚಿನ ಏಟುಗಳು, ನಡುವೆ ತಳಬಣ್ಣ ಇಣುಕುವಷ್ಟು ಜಾಗ ಬಿಟ್ಟು.

ಒಂದು ಏಟು ಎಂದರೆ ಇಷ್ಟು. ಕುಂಚವನ್ನು ಪೆನ್ನಿನಂತೆ ಬುಡದಲ್ಲಿ ಹಿಡಿಯದೆ ಕೋಲಿನ ಹಿಂತುದಿಯ ಹತ್ತಿರ ಹಿಡಿಯಿರಿ. ಹತ್ತಿರದ ನೀರಿನ ಗುಡ್ಡೆಯನ್ನು ಕುಂಚದ ಒಂದು ಮೈಗೆ ಮಾತ್ರ ತುಂಬಿಸಿಕೊಳ್ಳಿ. ಕ್ಯಾನ್ವಾಸಿಗೆ ಚಪ್ಪಟೆಯಾಗಿ ತಾಗಿಸಿ, ಅಡ್ಡಕ್ಕೆ ಎಳೆದು, ಎತ್ತಿಬಿಡಿ. ಶುರುವಿನಲ್ಲಿ ದಪ್ಪ, ಬಾಲದಲ್ಲಿ ಬಣ್ಣ ಹರಿದು ಬಟ್ಟೆಯ ನೇಯ್ಗೆ ಕಾಣುತ್ತದೆ. ಆ ಹರಿದ ಬಾಲವೇ ಅಲೆಯ ಮಿನುಗು. ಅದರ ಮೇಲೆ ಇನ್ನೊಮ್ಮೆ ಕುಂಚ ಆಡಿಸಿ ‘ಸರಿ ಮಾಡಿದರೆ’ ಮಿನುಗು ಸತ್ತಿತು. ಮೂರು ಏಟಿಗೊಮ್ಮೆ ಕುಂಚ ಒರೆಸಿ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ಇಡುತ್ತಿರುವುದರಿಂದ, ಒರೆಸದ ಕುಂಚ ಹತ್ತೇ ಏಟಿನಲ್ಲಿ ಎಲ್ಲವನ್ನೂ ರಾಗಿ ಅಂಬಲಿಯ ಬಣ್ಣಕ್ಕೆ ತರುತ್ತದೆ.

ಬಿಂಬಗಳಿಗೆ ಎರಡು ನಿಯಮ. ಬೆಳ್ಳಗಿನ ವಸ್ತುವಿನ ಬಿಂಬ ವಸ್ತುವಿಗಿಂತ ತುಸು ಕಪ್ಪು, ಕಪ್ಪು ವಸ್ತುವಿನ ಬಿಂಬ ವಸ್ತುವಿಗಿಂತ ತುಸು ಬೆಳ್ಳಗೆ. ಮತ್ತು ಬಿಂಬ ನೇರ ಕೆಳಕ್ಕೆ ಇಳಿಯುತ್ತದೆ, ನೆರಳಿನ ಹಾಗೆ ಓರೆಯಾಗಿ ಬೀಳುವುದಿಲ್ಲ. ದೋಣಿಯ ಕಂಬದ ಬಿಂಬವನ್ನು ಹಾವಿನಂತೆ ಒಂದೇ ಗೆರೆಯಲ್ಲಿ ಸುತ್ತಿಸುತ್ತಾರೆ, ಅದು ಕ್ಯಾಲೆಂಡರಿನ ನೀರು. ಅಡ್ಡ ಏಟುಗಳನ್ನೇ ಒಂದರ ಕೆಳಗೊಂದು ತುಂಡು ತುಂಡಾಗಿ, ಅತ್ತಿತ್ತ ತುಸು ಸರಿಸಿ ಇಳಿಸಿ. ಅವುಗಳಿಗೆ ಬಿಸಿ ಬಣ್ಣ, ಹಳದಿ ಕಿತ್ತಳೆಯ ಕಡೆಯದು. ಸುತ್ತಲಿನ ನೀಲಿಯ ಎದುರು ಅದು ತನ್ನಷ್ಟಕ್ಕೆ ಉರಿಯುತ್ತದೆ. ನೀಲಿ-ಕಿತ್ತಳೆಯಂಥ ಎದುರುಬದುರು ಬಣ್ಣಗಳು ಅಕ್ಕಪಕ್ಕ ಬಂದಾಗ ಒಂದನ್ನೊಂದು ಹೆಚ್ಚಿಸುತ್ತವೆ ಎಂಬುದನ್ನು ಶೆವ್ರಲ್ ಎಂಬ ರಸಾಯನಶಾಸ್ತ್ರಜ್ಞ 1839ರಲ್ಲೇ ವಿವರಿಸಿದ್ದ. ಆತ ಗೋಡೆಗೆ ತೂಗುಹಾಕುವ ಚಿತ್ರವಸ್ತ್ರ ನೇಯುವ ಪ್ಯಾರಿಸ್ಸಿನ ಗೋಬ್ಲಾ ಕಾರ್ಖಾನೆಯ ಬಣ್ಣಗಾರಿಕೆಯ ಮೇಲ್ವಿಚಾರಕ. ಸೀರೆಯ ಅಂಚು ಆರಿಸುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಇಷ್ಟಕ್ಕೆ ಮೊದಲ ಕೂರಿಕೆ ಮುಗಿಸಿ. ಮೂರು ಗಂಟೆಗಿಂತ ಹೆಚ್ಚು ಎಳೆದರೆ ಕೈ ಕೆಡಿಸಲು ಶುರು ಮಾಡುತ್ತದೆ.

ಹಂತ 8: ದೋಣಿಗಳು, ಕಂಬ, ಹಗ್ಗ

ಇದಕ್ಕೆ ವಾರದ ನಂತರ ಬನ್ನಿ, ಕೆಳಗಿನ ಬಣ್ಣ ಮುಟ್ಟಿದರೆ ಅಂಟದಿರಬೇಕು. ‘ಇಂಪ್ರೆಷನಿಸ್ಟರು ಒಂದೇ ಕೂರಿಕೆಯಲ್ಲಿ ಮುಗಿಸುತ್ತಿದ್ದರಲ್ಲ?’ ಎಂದು ಕೇಳುವವರಿಗೆ: ಮೋನೆಯ ಎಷ್ಟೋ ಚಿತ್ರಗಳಲ್ಲಿ ಒಣಗಿದ ಪದರದ ಮೇಲೆ ಮತ್ತೆ ಕೂತು ಹಚ್ಚಿದ ಪದರಗಳಿವೆ. ಅವಸರ ಕಾಣಬೇಕು, ಪಡಬೇಕಾಗಿಲ್ಲ.

ಈ ಪದರದ ಬಣ್ಣಕ್ಕೆ ಒಂದೆರಡು ಹನಿ ಲಿನ್ಸೀಡ್ ಸೇರಿಸಿ. ಕೆಳಗಿನ ಪದರಗಳಲ್ಲಿ ಎಣ್ಣೆ ಕಡಿಮೆ, ಮೇಲೆ ಹೋದಂತೆ ಹೆಚ್ಚು, ಇದು ಎಣ್ಣೆಬಣ್ಣದ ಕಟ್ಟಳೆ. ತಿರುಗುಮುರುಗಾದರೆ ಮೇಲಿನದು ಮೊದಲು ಒಣಗಿ, ಕೆಳಗಿನದು ಆಮೇಲೆ ಅಲುಗಾಡಿ, ಚಿತ್ರ ಬೇಸಿಗೆಯ ಕೆರೆಯ ತಳದಂತೆ ಬಿರುಕು ಬಿಡುತ್ತದೆ.

ದೋಣಿಯ ಒಡಲು ಎರಡು ಬಣ್ಣದ ತುಂಡು, ಬಿಸಿಲಿನದು ಮತ್ತು ನೆರಳಿನದು. ಕಂಬವನ್ನು ರಿಗ್ಗರ್‌ನಿಂದ ಉಸಿರು ಬಿಡುತ್ತ ಮೇಲಿನಿಂದ ಕೆಳಗೆ ಒಂದೇ ಎಳೆತ. ಕೈ ನಡುಗಿದರೆ ಬಟ್ಟೆಯಿಂದ ಒರೆಸಿ ಮತ್ತೆ ಎಳೆಯಿರಿ, ಕೆಳಗಿನದು ಒಣಗಿದೆಯಲ್ಲ, ಅದಕ್ಕೇ ಕಾದದ್ದು. ಹಗ್ಗಗಳನ್ನು ಎಲ್ಲವನ್ನೂ ಬರೆಯಬೇಡಿ. ಮೂರೋ ನಾಲ್ಕೋ ಬರೆದು, ಅವುಗಳನ್ನೂ ನಡುವೆ ಅಲ್ಲಲ್ಲಿ ತುಂಡು ಮಾಡಿ.

ಹಂತ 9: ಒಣಗಿಸುವುದು, ಸಹಿ, ತೂಗುಹಾಕುವುದು

ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮತ್ತು ಮಲೆನಾಡಿನಲ್ಲಿ, ಬಣ್ಣ ಒಣಗಲು ಹೆಚ್ಚು ದಿನ ಹಿಡಿಯುತ್ತದೆ. ಬಿಸಿಲಿಗಿಟ್ಟು ಅವಸರ ಮಾಡಬೇಡಿ, ಕತ್ತಲೆಯ ಪೆಟ್ಟಿಗೆಯಲ್ಲೂ ಇಡಬೇಡಿ, ಎಣ್ಣೆ ಹಳದಿಯಾಗುತ್ತದೆ. ಗಾಳಿಯಾಡುವ ಬೆಳಕಿನ ಕೋಣೆ ಸಾಕು. ವಾರ್ನಿಶ್ ಹಚ್ಚುವುದಾದರೆ ಆರು ತಿಂಗಳ ನಂತರ. ಇಂಪ್ರೆಷನಿಸ್ಟರಲ್ಲಿ ಹಲವರಿಗೆ ವಾರ್ನಿಶ್‌ನ ಹೊಳಪು ಹಿಡಿಸುತ್ತಿರಲಿಲ್ಲ. ನಾನೂ ಈ ಚಿತ್ರಕ್ಕೆ ಹಚ್ಚುವುದಿಲ್ಲ.

ಮೋನೆಯ ಸಹಿಯನ್ನು ನಕಲು ಮಾಡಬೇಡಿ. ಆತ ತೀರಿಕೊಂಡದ್ದು 1926ರಲ್ಲಿ, ಹಾಗಾಗಿ ಹಕ್ಕುಸ್ವಾಮ್ಯದ ತೊಡಕಿಲ್ಲ. ಆದರೆ ಸಹಿ ಸೇರಿದ ಕ್ಷಣ ನಕಲು ಖೋಟಾ ಆಗಲು ಹೊರಡುತ್ತದೆ. ಬೋರ್ಡಿನ ಹಿಂದೆ ‘ಮೋನೆ, ಅರ್ಜಾಂತೆಯ ಸೇತುವೆ, 1874, ನಕಲು’ ಎಂದು ಬರೆದು, ನಿಮ್ಮ ಹೆಸರು, ತಾರೀಖು ಹಾಕಿ. ಅಳತೆ ಅರ್ಧವಾಗಿರುವುದೂ ಇಲ್ಲಿ ಒಳ್ಳೆಯದೇ, ಯಾರೂ ಮೂಲವೆಂದು ತಪ್ಪು ತಿಳಿಯಲಾರರು.

ಓಡಾಟದ ದಾರಿಯಲ್ಲಿ, ಮೊಣಕೈ ತಾಗುವ ಎತ್ತರದಲ್ಲಿ ತೂಗುಹಾಕಬೇಡಿ. ಮೂಲಚಿತ್ರಕ್ಕೇ ಆ ಗತಿ ಬಂದಿತ್ತು: 2007ರ ಅಕ್ಟೋಬರಿನ ಒಂದು ರಾತ್ರಿ ಓರ್ಸೆಯೊಳಗೆ ನುಗ್ಗಿದವರಲ್ಲಿ ಒಬ್ಬರ ಏಟಿಗೆ ಕ್ಯಾನ್ವಾಸ್ ಸುಮಾರು ಹತ್ತು ಸೆಂಟಿಮೀಟರ್ ಹರಿಯಿತು, ಆಮೇಲೆ ದುರಸ್ತಿ ಮಾಡಿದರು. ನಮ್ಮ ಗೋಡೆಗಳಲ್ಲಿ ಹೆಚ್ಚಿನ ಶತ್ರು ತೇವ. ಬೋರ್ಡಿನ ಹಿಂದಿನ ಕೆಳಮೂಲೆಗಳಿಗೆ ಬಾಟಲಿಯ ಬಿರಡೆಯಿಂದ ಕತ್ತರಿಸಿದ ಎರಡು ಚೂರು ಅಂಟಿಸಿ. ಗೋಡೆಗೂ ಚಿತ್ರಕ್ಕೂ ನಡುವೆ ಬೆರಳು ತೂರುವಷ್ಟು ಗಾಳಿ ಆಡಿದರೆ ಬೂಷ್ಟು ಹಿಡಿಯುವುದಿಲ್ಲ.